ಗೇರ್‌ಬಾಕ್ಸ್ ಬಿಚ್ಚೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಬೈಲಕುಪ್ಪೆ ಹತ್ರದ ಒಂದು ಜೀಪಿನ ಕಥೆ.

ಮಳೆಗಾಲ. ಶುಂಠಿ ಹೊಲದ ಕೆಸರಿಂದ ಮೂಟೆ ತರೋಕೆ ಚಿಕ್ಕಪ್ಪನಿಗೆ ಹಳೇ ಫೋರ್‌ವೀಲ್ ಡ್ರೈವ್ ಜೀಪೇ ಗತಿ. ಒಂದಿನ ಹೊಲದಿಂದ ನೇರ ಹೆದ್ದಾರಿಗೆ ಹತ್ತಿಸಿ ಕುಶಾಲನಗರಕ್ಕೆ ಹೊರಟ್ರು. ತಿರುವಲ್ಲಿ ಸ್ಟೇರಿಂಗ್ ಬಿಗಿ, ಕೆಳಗಿಂದ ಟಕ್ ಟಕ್ ಸದ್ದು, ಚಿಕ್ಕ ಲಿವರ್ ಅಲ್ಲಾಡ್ತಾನೇ ಇಲ್ಲ. ಗ್ಯಾರೇಜಲ್ಲಿ ಒಂದೇ ಮಾತು: "ಬಾಕ್ಸ್ ಇಳಿಸ್ಬೇಕು, 40 ಸಾವಿರ ಆಗುತ್ತೆ." ಮನೇಲಿ ಚಿಕ್ಕಮ್ಮನ ಬಳೆ ಅಡ ಇಡೋ ಮಾತು ಶುರುವಾಯ್ತು.

ನಾನು ಬಿ.ಕಾಂ., ಮೆಕ್ಯಾನಿಕ್ ಅಲ್ಲ. ಆದ್ರೆ ಲೆಕ್ಕ ತಾಳೆ ಆಗ್ಲಿಲ್ಲ ಅಂತ ನಾವು ಇಡೀ ಪುಸ್ತಕ ಹೊಸದಾಗಿ ಬರೆಯಲ್ಲ. ತಪ್ಪು ಯಾವ ಪುಟದಲ್ಲಿದೆ ಅಂತ ಹುಡುಕ್ತೀವಿ. ಇಲ್ಲೂ ಅಷ್ಟೇ.

ದಾರಿ ಹೀಗಿದೆ: ಎಂಜಿನ್, ಕ್ಲಚ್, ಗೇರ್‌ಬಾಕ್ಸ್, ಅದರ ಹಿಂದೆ ಟ್ರಾನ್ಸ್‌ಫರ್ ಕೇಸ್. ಶಕ್ತಿಯನ್ನ ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ಹಂಚೋದು ಈ ಕೇಸ್. ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್, ಚಕ್ರ. ತೊಂದರೆ ಯಾವ ಹಂತದಲ್ಲಿ ಅನ್ನೋದೇ ಪ್ರಶ್ನೆ.

ಮೊದಲು ಕ್ಲಚ್. ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬೀಳುತ್ತೆ, ಆನ್ ಮಾಡಿದ್ರೆ ಕರಕರ ಅಂತ ಬೀಳಲ್ಲ ಅಂದ್ರೆ ಮೊದಲ ಅನುಮಾನ ಕ್ಲಚ್ ಮೇಲೆ. ನ್ಯೂಟ್ರಲ್‌ನಲ್ಲಿರೋ ಸದ್ದು ಪೆಡಲ್ ಒತ್ತಿದ ತಕ್ಷಣ ನಿಂತ್ರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್ ನೋಡಿ. ಒತ್ತಿದಾಗಲೇ ಸದ್ದು ಬಂದ್ರೆ ಕ್ಲಚ್ ರಿಲೀಸ್ ಬೇರಿಂಗ್.

ಆಮೇಲೆ ಗೇರ್. ಒಂದೇ ಗೇರಲ್ಲಿ ಸದ್ದು, ಅಥವಾ ಅದೊಂದೇ ಗೇರ್ ಜಾರಿ ನ್ಯೂಟ್ರಲ್‌ಗೆ ಬರ್ತಿದ್ರೆ ಗೇರ್‌ಬಾಕ್ಸ್. ಎಲ್ಲಾ ಗೇರಲ್ಲೂ ಸರಿ, ಲೋ ರೇಂಜ್ ಹಾಕಿದಾಗ ಮಾತ್ರ ಜಾರ್ತಿದ್ರೆ ಟ್ರಾನ್ಸ್‌ಫರ್ ಕೇಸ್ ಅಥವಾ ಅದರ ಲಿವರ್ ಜೋಡಣೆ.

ನಿಂತಲ್ಲೇ ಪರೀಕ್ಷೆ. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಇದು ಮರೀಬೇಡಿ, ಯಾಕಂದ್ರೆ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ರೆ ಗೇರ್ ಹಾಕಿದ್ರೂ ಗಾಡಿ ನಿಲ್ಲಲ್ಲ. ಈಗ ಚಿಕ್ಕ ಲಿವರ್ ನ್ಯೂಟ್ರಲ್‌ಗೆ ಹಾಕಿ, ಒಂದೊಂದೇ ಗೇರ್ ಬದಲಿಸಿ. ಸದ್ದು ಇಲ್ಲೇ ಬಂದ್ರೆ ಹೆಚ್ಚಾಗಿ ಗೇರ್‌ಬಾಕ್ಸ್. ಓಡುವಾಗ ಮಾತ್ರ ಬಂದ್ರೆ ಅದರಿಂದ ಹಿಂದಕ್ಕೆ ಹುಡುಕಿ.

ಆಯಿಲ್. ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ, ಹಳ್ಳ ದಾಟಿಸಿದ ಗಾಡಿಗಳಲ್ಲಿ ಇದು ಮಾಮೂಲು. ಲೋಹದ ಚೂರು ಕಂಡ್ರೆ ಹಲ್ಲು ಅಥವಾ ಬೇರಿಂಗ್ ಹೋಗ್ತಿದೆ. ಒಂದು ಬಾಕ್ಸಲ್ಲಿ ಆಯಿಲ್ ಕಮ್ಮಿ, ಪಕ್ಕದ್ದರಲ್ಲಿ ಜಾಸ್ತಿ ಇದ್ರೆ ಮಧ್ಯದ ಸೀಲ್ ಸೋರ್ತಿರಬಹುದು.

ಈಗ ಚಿಕ್ಕಪ್ಪನ ಜೀಪ್. ಕೆಸರಲ್ಲಿ ಹಾಕಿದ ಫೋರ್‌ವೀಲ್ ಲಿವರ್‌ನ ಅವ್ರು ಟಾರ್ ರೋಡಲ್ಲಿ ತೆಗ್ದೇ ಇರಲಿಲ್ಲ! ಇಂಥ ಜೀಪಲ್ಲಿ ಫೋರ್‌ವೀಲ್ ಹಾಕಿದ್ರೆ ಮುಂದಿನ, ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗ್ಲೇಬೇಕು. ಆದ್ರೆ ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡುತ್ತೆ. ಕೆಸರಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತೆ. ಒಣ ಟಾರಲ್ಲಿ ಜಾರಲ್ಲ, ಒತ್ತಡ ಹಗ್ಗದ ಹುರಿ ಥರ ಶಾಫ್ಟಲ್ಲಿ ಸೇರ್ಕೊಳ್ಳುತ್ತೆ. ಅದಕ್ಕೇ ಸ್ಟೇರಿಂಗ್ ಬಿಗಿ, ಲಿವರ್ ಜಾಮ್. ಮುಂದೆ ಒಂದು ಸೈಜ್, ಹಿಂದೆ ಒಂದು ಸೈಜ್ ಟೈರ್ ಹಾಕಿದ್ರೂ ಇದೇ ಪಾಡು.

ಮಣ್ಣಿನ ಮೇಲೆ ನೇರವಾಗಿ ಸ್ವಲ್ಪ ದೂರ ರಿವರ್ಸ್ ತಗೊಂಡ್ವಿ. ಲಿವರ್ ತಾನಾಗೇ ಬಿಡ್ತು. ಸ್ಟೇರಿಂಗ್ ಹಗುರ ಆಯ್ತು. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಮಾತ್ರ ಟಕ್ ಅಂತ ಒಂದು ಸದ್ದು ಉಳೀತು. ಪ್ರೊಪೆಲ್ಲರ್ ಶಾಫ್ಟ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಯೂನಿವರ್ಸಲ್ ಜಾಯಿಂಟ್ ಸವೆದಿತ್ತು. ಅದನ್ನ ಬದಲಾಯಿಸಿದ ಖರ್ಚು ಹೇಳಿದ್ದ ಮೊತ್ತದ ಹತ್ತಿರಕ್ಕೂ ಬರ್ಲಿಲ್ಲ.

ಎಲ್ಲಾ ಸಲ ಹೀಗೇ ಅಗ್ಗದಲ್ಲಿ ಮುಗಿಯಲ್ಲ. ಲೋಹದ ಚೂರು ಕಂಡ್ರೆ ಬಾಕ್ಸ್ ಬಿಚ್ಚಲೇಬೇಕು. ಆದ್ರೆ ಗ್ಯಾರೇಜಿಗೆ ಹೋಗಿ "ಸದ್ದು ಬರ್ತಿದೆ" ಅಂತಷ್ಟೇ ಹೇಳ್ಬೇಡಿ. ಯಾವ ಗೇರಲ್ಲಿ, ಕ್ಲಚ್ ಒತ್ತಿದಾಗಲೋ ಬಿಟ್ಟಾಗಲೋ, ಎರಡು ಚಕ್ರದಲ್ಲೋ ನಾಲ್ಕರಲ್ಲೋ ಅಂತ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಹೋಗಿ.

ಚಿಕ್ಕಮ್ಮನ ಬಳೆ ಕೈಯಲ್ಲೇ ಇದೆ. ಮುಂದಿನ ವಾರ ಸಿಗೋಣ.