ಪಂಜರದಲ್ಲಿ ಮುಗಿಯದ ಮುಂಗಾರು

ಹೊಸದುರ್ಗ ಸೀಮೆಯ ನವಣೆಗೆ ಈಗ ಒಳ್ಳೆಯ ಕಾಲ. ಸಿರಿಧಾನ್ಯ ಎನಿಸಿಕೊಂಡ ಮೇಲೆ ಅದು ಪೇಟೆಯವರ ಉಪ್ಪಿಟ್ಟು, ಬಿಸಿಬೇಳೆಬಾತಿಗೂ ಸೇರಿಕೊಂಡಿದೆ. ಆದರೆ ಸಿರಿಧಾನ್ಯದ ಹವಾ ಏಳುವುದಕ್ಕೂ ಮೊದಲಿನಿಂದ ದಿನವೂ ತಪ್ಪದೆ ನವಣೆ ತಿನ್ನುತ್ತಿರುವ ಗಿರಾಕಿ ಒಬ್ಬನಿದ್ದಾನೆ. ತೂಕ ಮೂವತ್ತರಿಂದ ನಲವತ್ತು ಗ್ರಾಂ. ಮೈಬಣ್ಣ ಹಸಿರು, ಹಳದಿ ಅಥವಾ ಆಕಾಶನೀಲಿ. ಚಿತ್ರದುರ್ಗವಿರಲಿ, ಹಿರಿಯೂರಿರಲಿ, ಹೊಳಲ್ಕೆರೆಯಿರಲಿ, ‘ಲವ್ ಬರ್ಡ್ಸ್ ಕೊಡಿ’ ಎಂದರೆ ಸಾಮಾನ್ಯವಾಗಿ ರಟ್ಟಿನ ಡಬ್ಬಿಗೆ ತೂತು ಹೊಡೆದು ಕೊಡುವುದು ಈ ಹಕ್ಕಿಯನ್ನೇ. ಇದು ಬಡ್ಜಿ, ಪೂರ್ತಿ ಹೆಸರು ಬಡ್ಜರಿಗಾರ್. ಮೂಲ ಊರು ಆಸ್ಟ್ರೇಲಿಯದ ಒಣಭೂಮಿ. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದ ಮೇಲೆ ಅದು ಜಗತ್ತಿನ ಪಂಜರಗಳನ್ನೆಲ್ಲ ತುಂಬಿತು.

ನಮ್ಮ ಕಾಡಿನ ಗಿಣಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಡ್ಜಿ ಹೊರದೇಶದ್ದು, ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿ ಬೆಳೆದದ್ದು. ಹಾಗಾಗಿ ಅದಕ್ಕೆ ಆ ಅಡ್ಡಿ ಇಲ್ಲ. ಬೆಲೆಯೂ ಕಡಿಮೆ. ಒಂದು ಜೋಡಿ, ಒಂದು ಪಂಜರ, ಕಂಬಿಗೆ ಕಟ್ಟಿದ ಒಂದು ಮಡಕೆ ಇದ್ದರೆ ಹವ್ಯಾಸ ಶುರುವಾದಂತೆ. ಕಷ್ಟ ಶುರುವಾಗುವುದು ಹೆಣ್ಣು ಮೊಟ್ಟೆ ಇಡತೊಡಗಿದ ಮೇಲೆ.

ಮಳೆ ನೋಡಿ ಮೊಟ್ಟೆ

ಬಡ್ಜಿಯ ತವರಿನಲ್ಲಿ ಮಳೆಗೆ ಪಂಚಾಂಗವಿಲ್ಲ. ಮಳೆ ಬಿದ್ದು, ಹುಲ್ಲು ತೆನೆ ಕಟ್ಟಿ, ಕಾಳು ಹೇರಳವಾದಾಗ ಮಾತ್ರ ಹಿಂಡು ಹಿಂಡಾಗಿ ಬಂದು ನೀಲಗಿರಿ ಮರದ ಪೊಟರೆಗಳಲ್ಲಿ ಮೊಟ್ಟೆ ಇಡುತ್ತವೆ. ಬರ ಬಂದರೆ ಸಂಸಾರದ ಮಾತೇ ಇಲ್ಲ. ಇದನ್ನು ಚಿತ್ರದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿತು. ಸಮೃದ್ಧಿ ಎಷ್ಟು ಅಪರೂಪ ಎಂಬುದು ಇಲ್ಲಿಯವರಿಗೆ ಗೊತ್ತು.

ಪಂಜರದಲ್ಲಿ ಮಾತ್ರ ಬರವೇ ಇಲ್ಲ. ಬಟ್ಟಲಲ್ಲಿ ಸದಾ ಕಾಳು, ಸದಾ ನೀರು. ರಾತ್ರಿ ಹನ್ನೊಂದರವರೆಗೂ ಟ್ಯೂಬ್‌ಲೈಟು, ಟೀವಿಯ ಬೆಳಕು. ಪೊಟರೆಯಂತಹ ಮಡಕೆ ಎದುರಿಗೇ ನೇತಾಡುತ್ತಿದೆ. ಹಕ್ಕಿಯ ಮೈ ಇದನ್ನೆಲ್ಲ ಮುಗಿಯದ ಮುಂಗಾರು ಎಂದೇ ತಿಳಿದುಕೊಂಡು ಮೊಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಇದಕ್ಕೆ ಗಂಡೇ ಬೇಕೆಂದೂ ಇಲ್ಲ. ಒಂಟಿ ಹೆಣ್ಣು, ಕನ್ನಡಿಯಲ್ಲಿ ಕಂಡ ತನ್ನದೇ ರೂಪವನ್ನು ಸಂಗಾತಿ ಎಂದುಕೊಂಡು ಮೊಟ್ಟೆ ಇಡುವುದುಂಟು. ಅವು ಮರಿಯಾಗದ ಬರಿ ಮೊಟ್ಟೆಗಳು. ಆದರೂ ಮೈಯಿಂದ ಹೋಗುವ ಸುಣ್ಣಕ್ಕೆ, ಅಂದರೆ ಕ್ಯಾಲ್ಸಿಯಂಗೆ, ಆ ಭೇದವಿಲ್ಲ.

ಸಾಮಾನ್ಯವಾಗಿ ಒಂದು ಸೂಲಿಗೆ ನಾಲ್ಕರಿಂದ ಆರು ಮೊಟ್ಟೆ, ದಿನ ಬಿಟ್ಟು ದಿನ ಒಂದೊಂದು. ಕಾವು ಹದಿನೆಂಟು ದಿನ. ಮರಿ ಗೂಡು ಬಿಟ್ಟು ಹೊರಬರಲು ಇನ್ನೂ ಸುಮಾರು ಐದು ವಾರ. ಒಂದು ಮೊಟ್ಟೆಯ ತೂಕ ಎರಡು ಗ್ರಾಂ ಆಸುಪಾಸು, ಅಂದರೆ ಆರು ಮೊಟ್ಟೆಗೆ ಹಕ್ಕಿಯ ತೂಕದ ಮೂರರಲ್ಲೊಂದು ಪಾಲು. ಒಂದು ಸೂಲು ಮುಗಿಯುತ್ತಲೇ ಇನ್ನೊಂದಕ್ಕೆ ಬಿಟ್ಟರೆ ತಾಯಿ ಸೋತು ಹೋಗುತ್ತದೆ.

ಮೂಗು ಹೇಳುವ ಸುದ್ದಿ

ಬಡ್ಜಿ ಸಾಕುವುದರಲ್ಲಿ ಪಳಗಿದವರು ಮೊದಲು ನೋಡುವುದು ಹಕ್ಕಿಯ ಮೂಗನ್ನು. ಕೊಕ್ಕಿನ ಬುಡದಲ್ಲಿ, ಹೊಳ್ಳೆಗಳ ಸುತ್ತ ಒಂದು ಸಣ್ಣ ಮಾಂಸದ ಪಟ್ಟಿ ಇರುತ್ತದೆ. ದೊಡ್ಡ ಗಂಡಿನಲ್ಲಿ ಅದು ಸಾಮಾನ್ಯವಾಗಿ ಕಡುನೀಲಿ. ಹೆಣ್ಣಿನಲ್ಲಿ ಬಿಡುವಿನ ಕಾಲದಲ್ಲಿ ಮಾಸಲು ಬಿಳಿ ಇಲ್ಲವೇ ತೆಳು ನೀಲಿ. ಮೊಟ್ಟೆಯ ಹದಕ್ಕೆ ಬಂದಾಗ ಕಾಫಿಪುಡಿಯ ಬಣ್ಣಕ್ಕೆ ತಿರುಗಿ, ಒರಟಾಗಿ, ದಪ್ಪಗಾಗುತ್ತದೆ. ಜೊತೆಗೇ ಮಡಕೆಯ ಬಾಯಿಯನ್ನು ಕೊಕ್ಕಿನಿಂದ ಕೆರೆಯುವುದು, ಬಾಲವಷ್ಟೇ ಹೊರಗೆ ಕಾಣುವಂತೆ ಒಳಗೆ ತೂರಿ ಕೂರುವುದು ಶುರುವಾಗುತ್ತದೆ. ಮೊಟ್ಟೆಗೆ ಕೂತ ಹೆಣ್ಣು ಹಿಕ್ಕೆಯನ್ನು ತಡೆದಿಟ್ಟುಕೊಂಡು ಒಮ್ಮೆಲೇ ದೊಡ್ಡದಾಗಿ ಹಾಕುತ್ತದೆ. ಇಷ್ಟಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದ ಲಕ್ಷಣಗಳು ಬೇರೆ. ಹಕ್ಕಿ ಕಡ್ಡಿ ಬಿಟ್ಟು ಪಂಜರದ ತಳದಲ್ಲಿ ಗರಿ ಉಬ್ಬಿಸಿ ಕೂರುತ್ತದೆ. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ತೂಗುತ್ತದೆ. ತಿಣುಕುತ್ತದೆ, ಹೊಟ್ಟೆಯ ಕೆಳಭಾಗ ಊದಿರುತ್ತದೆ, ಹಿಕ್ಕೆ ನಿಂತು ಹೋಗುತ್ತದೆ. ಕೆಲವೊಮ್ಮೆ ಒಳಗಿನ ಮೊಟ್ಟೆ ನರವನ್ನು ಒತ್ತಿ ಕಾಲು ಸೋತಂತಾಗುತ್ತದೆ. ಇದನ್ನೇ ‘ಎಗ್ ಬೈಂಡಿಂಗ್’ ಎನ್ನುವುದು. ಮೊಟ್ಟೆ ದಾರಿಯಲ್ಲಿ ಸಿಕ್ಕಿಕೊಂಡಿದೆ. ಇಷ್ಟು ಚಿಕ್ಕ ಜೀವಕ್ಕೆ ಇದು ಗಂಟೆಗಳ ಲೆಕ್ಕದ ಅಪಾಯ.

ಸುಣ್ಣ ಸಾಲದಿರುವುದು ಇದಕ್ಕೆ ದೊಡ್ಡ ಕಾರಣ. ಚಿಪ್ಪಿಗೂ ಸುಣ್ಣ ಬೇಕು, ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯುವಿಗೂ ಬೇಕು. ಅದು ಕಡಿಮೆಯಾದರೆ ಚಿಪ್ಪು ಮೆತ್ತಗಾಗುತ್ತದೆ, ತಳ್ಳುವ ಬಲ ಉಡುಗುತ್ತದೆ. ಇನ್ನೂ ವರ್ಷ ತುಂಬದ ಹೆಣ್ಣು, ಮೈತುಂಬ ಕೊಬ್ಬು ಬೆಳೆಸಿಕೊಂಡ ಹೆಣ್ಣು, ಬಿಡುವಿಲ್ಲದೆ ಸೂಲು ಕಂಡ ಹೆಣ್ಣು ಇದಕ್ಕೆ ಬೇಗ ತುತ್ತಾಗುತ್ತವೆ. ಚಳಿಯೂ ಒಂದು ಕಾರಣ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಬೀಸುವ ಡಿಸೆಂಬರ್ ರಾತ್ರಿಗಳಲ್ಲಿ ಪಂಜರವನ್ನು ವರಾಂಡದಲ್ಲಿ ಬಿಡುವುದು ತರವಲ್ಲ.

ಮಾಡಬೇಕಾದ್ದು, ಮಾಡಬಾರದ್ದು

ಮೊದಲ ಮದ್ದು ಬಿಸಿ. ಹಕ್ಕಿಯನ್ನು ಬೇರೆ ಮಾಡಿ ಸಣ್ಣ ಪೆಟ್ಟಿಗೆಯಲ್ಲಿ ಮೆತ್ತನೆ ಬಟ್ಟೆಯ ಮೇಲೆ ಇಡಿ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದೇ ಬದಿಗೆ ಇಟ್ಟು, ಒಳಗೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವಂತೆ ನೋಡಿಕೊಳ್ಳಿ. ಒದ್ದೆ ಬಟ್ಟೆಯ ತುಂಡೊಂದು ಪಕ್ಕದಲ್ಲಿದ್ದರೆ ತೇವ ಸಿಗುತ್ತದೆ. ಹಕ್ಕಿ ಬಾಯಿ ತೆರೆದು ಏದುಸಿರು ಬಿಟ್ಟು ರೆಕ್ಕೆ ಅಗಲಿಸಿದರೆ ಬಿಸಿ ಹೆಚ್ಚಾಗಿರಬಹುದು, ಕೂಡಲೇ ತಗ್ಗಿಸಿ. ಇಷ್ಟು ಮಾಡಿ, ಮಾರನೆಯ ದಿನಕ್ಕೆ ಕಾಯದೆ ಪಶುವೈದ್ಯರ ಬಳಿ ಹೊರಡಿ.

ಹೊಟ್ಟೆ ಒತ್ತಿ ಮೊಟ್ಟೆ ತೆಗೆಯಲು ಹೋಗಬೇಡಿ. ಒಳಗೆ ಮೊಟ್ಟೆ ಒಡೆದರೂ, ಕರುಳಿನ ಭಾಗ ಹೊರಬಂದರೂ ಹಕ್ಕಿ ಉಳಿಯುವುದು ಕಷ್ಟ. ‘ಒಂದು ತೊಟ್ಟು ಹರಳೆಣ್ಣೆ ಕುಡಿಸಿ, ಜಾರಿ ಬರುತ್ತದೆ’ ಎನ್ನುವ ಮನೆಮದ್ದೂ ಬೇಡ. ಕುಡಿಸಿದ ಎಣ್ಣೆ ಹೋಗುವುದು ಅನ್ನದ ದಾರಿಗೆ, ಮೊಟ್ಟೆ ಬರುವ ದಾರಿಗಲ್ಲ. ಗಂಟಲು ತಪ್ಪಿದರೆ ಶ್ವಾಸಕೋಶಕ್ಕೇ ಇಳಿಯುತ್ತದೆ.

ವೈದ್ಯರು ಎಕ್ಸ್‌ರೇಯಲ್ಲಿ ಮೊಟ್ಟೆ ಎಲ್ಲಿದೆ ಎಂದು ನೋಡಿ, ಸುಣ್ಣದಂಶದ ಇಂಜೆಕ್ಷನ್ ಮತ್ತು ದ್ರವ ಕೊಡುತ್ತಾರೆ. ಅನೇಕ ಬಾರಿ ಬಿಸಿ, ಸುಣ್ಣ, ವಿಶ್ರಾಂತಿ ಇಷ್ಟರಲ್ಲೇ ಮೊಟ್ಟೆ ಹೊರಬರುತ್ತದೆ. ಬಾರದಿದ್ದರೆ ಹಾರ್ಮೋನು ಔಷಧಿ, ಅದೂ ಫಲಿಸದಿದ್ದರೆ ಸೂಜಿಯಿಂದ ಮೊಟ್ಟೆಯೊಳಗಿನದನ್ನು ಹೀರಿ ಚಿಪ್ಪನ್ನು ಕುಗ್ಗಿಸುವ ವಿಧಾನ, ಕೊನೆಗೆ ಶಸ್ತ್ರಚಿಕಿತ್ಸೆ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಈ ನಾಲ್ಕೂ ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಆದರೆ ಅಲ್ಲಿಯ ದಿನದ ಕೆಲಸ ಹಸು, ಎಮ್ಮೆ, ಕುರಿಯದು. ಹಕ್ಕಿಗೆ ಔಷಧಿಯ ಅಳತೆ ಅದರ ಮೈತೂಕದ ಗ್ರಾಂ ಲೆಕ್ಕದ ಮೇಲೆ ನಿಲ್ಲುವುದರಿಂದ, ತೂಕ ಮಾಡಿಕೊಂಡು ಹೋದರೆ ವೈದ್ಯರಿಗೂ ಅನುಕೂಲ. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಹೊಳಲ್ಕೆರೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಹಿರಿಯೂರಿನವರಿಗೆ ಹೆದ್ದಾರಿ ಹಿಡಿದು ಬೆಂಗಳೂರಿನ ಹೆಬ್ಬಾಳದ ಕಾಲೇಜು ಇದೆ.

ನವಣೆಯೊಂದೇ ಸಾಲದು

ಹಕ್ಕಿ ಇಷ್ಟಪಟ್ಟು ತಿನ್ನುತ್ತದೆ ಎಂದು ನವಣೆಯೊಂದನ್ನೇ ಹಾಕುವುದು ಎಲ್ಲೆಡೆ ಕಾಣುವ ಅಭ್ಯಾಸ. ನೂರು ಗ್ರಾಂ ನವಣೆಯಲ್ಲಿ ಕ್ಯಾಲ್ಸಿಯಂ ಸುಮಾರು 30 ಮಿಲಿಗ್ರಾಂ. ಅಷ್ಟೇ ರಾಗಿಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು. ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂ ದಾಟುತ್ತದೆ, ಜೊತೆಗೆ ‘ಎ’ ಜೀವಸತ್ವವೂ ಧಾರಾಳ. ಮೊಳಕೆ ಕಟ್ಟಿದ ರಾಗಿ, ಹಿತ್ತಲಿನ ನುಗ್ಗೆಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ಕಾಳಿನ ಜೊತೆಗಿರಲಿ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕುತ್ತದೆ, ಅದು ಅಪರೂಪಕ್ಕೆ ಸಾಕು. ಬೆಣ್ಣೆಹಣ್ಣು ಬಡ್ಜಿಗೆ ವಿಷ. ಪಂಜರದ ಕಂಬಿಗೆ ಸಿಕ್ಕಿಸುವ ಕಟಲ್‌ಬೋನ್ ಅಂದರೆ ಗ್ರಂಧಿಗೆ ಅಂಗಡಿಯವರ ಸಮುದ್ರನೊರೆ. ವರ್ಷವಿಡೀ ಅದು ಅಲ್ಲಿರಬೇಕು.

ತಿಂದ ಸುಣ್ಣ ಮೈಗೆ ಹತ್ತಲು ಬಿಸಿಲೂ ಬೇಕು. ಹಿರಿಯೂರಿನಲ್ಲಿ ಬಿಸಿಲಿಗೇನು ಕೊರತೆ ಎನ್ನಬಹುದು. ಆದರೆ ಗಾಜಿನ ಕಿಟಕಿ ದಾಟಿ ಬಂದ ಬಿಸಿಲಿನಲ್ಲಿ ‘ಡಿ’ ಜೀವಸತ್ವ ಹುಟ್ಟಿಸುವ ಕಿರಣ ಉಳಿದಿರುವುದಿಲ್ಲ. ಬೆಳಗಿನ ಎಳೆ ಬಿಸಿಲಿಗೆ, ಅರ್ಧ ಪಂಜರಕ್ಕೆ ನೆರಳಿರುವಂತೆ ಹೊರಗಿಡಿ. ಬೆಕ್ಕು, ಕಾಗೆಯ ಮೇಲೆ ಕಣ್ಣಿರಲಿ.

ಮಡಕೆ ಬಿಚ್ಚುವ ಕಾಲ

ಬಿಡದೆ ಮೊಟ್ಟೆ ಇಡುವ ಹೆಣ್ಣಿಗೆ ಮನೆಯವರೇ ‘ಬರ’ ತಂದುಕೊಡಬೇಕು. ಉಪವಾಸ ಕೆಡವುವುದಲ್ಲ, ಋತು ಮುಗಿಯಿತೆಂದು ಅದರ ಮೈಗೆ ತಿಳಿಸುವುದು. ಇಟ್ಟ ಮೊಟ್ಟೆಯನ್ನು ಒಂದೊಂದಾಗಿ ಎತ್ತಿ ಬಿಸಾಡಿದರೆ ಲೆಕ್ಕ ತುಂಬಿಸಲು ಅದು ಮತ್ತಷ್ಟು ಇಡುತ್ತದೆ. ಮರಿಯಾಗದ ಮೊಟ್ಟೆಗಳಾದರೆ ಅಲ್ಲೇ ಇರಲಿ. ಎರಡು ಮೂರು ವಾರ ಕೂತು, ಬೇಸತ್ತು ತಾನಾಗಿ ಎದ್ದ ಮೇಲೆ ಮೊಟ್ಟೆಯನ್ನೂ ಮಡಕೆಯನ್ನೂ ತೆಗೆಯಿರಿ. ಕನ್ನಡಿ, ಕತ್ತಲೆಯ ಮೂಲೆ, ಹರಿದ ಕಾಗದ ಬೇಡ. ಸೂರ್ಯಕಾಂತಿಯಂತಹ ಕೊಬ್ಬಿನ ಕಾಳು ನಿಲ್ಲಿಸಿ. ಸಂಜೆಯಾಗುತ್ತಲೇ ಪಂಜರಕ್ಕೆ ಬಟ್ಟೆ ಹೊದಿಸಿ, ಹನ್ನೆರಡರಿಂದ ಹದಿನಾಲ್ಕು ಗಂಟೆ ನಿಶ್ಶಬ್ದ ಕತ್ತಲೆ ಕೊಡಿ. ಪಂಜರದ ಜಾಗ ಬದಲಿಸಿ. ಹಕ್ಕಿಯ ಬೆನ್ನು ಸವರಬೇಡಿ, ಅದು ಕೂಡುವ ಕರೆಯೆಂದೇ ಅದಕ್ಕೆ ಅರ್ಥವಾಗುತ್ತದೆ. ಮೂಗಿನ ಕಂದು ಪದರ ಉದುರಿ ಮಾಸಲು ಬಣ್ಣ ಕಂಡರೆ ಮೈ ಬಿಡುವಿಗೆ ಬಂತೆಂದು ತಿಳಿಯಿರಿ.

ಮರಿ ಮಾಡಿಸಲೇಬೇಕೆನ್ನುವವರು ಹೆಣ್ಣಿಗೆ ವರ್ಷ ತುಂಬುವವರೆಗೆ ಕಾಯಬೇಕು. ವರ್ಷಕ್ಕೆ ಎರಡು ಸೂಲು, ಅದಕ್ಕಿಂತ ಹೆಚ್ಚು ಬೇಡ. ಉಳಿದ ತಿಂಗಳು ಮಡಕೆ ಅಟ್ಟದ ಮೇಲಿರಲಿ.

ಬಡ್ಜಿ ಕೊಳ್ಳುವಾಗ ಮಡಕೆಯನ್ನೂ ಸೇರಿಸಿ ಕೊಡುವುದು ಅಂಗಡಿಯ ವಾಡಿಕೆ. ಮೊದಲ ಸಲ ಹಕ್ಕಿ ಸಾಕುವವರು ಆ ಮಡಕೆಯನ್ನು ಅಂಗಡಿಯಲ್ಲೇ ಬಿಟ್ಟು, ಆ ದುಡ್ಡಿಗೆ ಒಂದು ಸಮುದ್ರನೊರೆ ಕೊಂಡು, ಹಕ್ಕಿ ನೋಡುವ ಪಶುವೈದ್ಯರು ಹತ್ತಿರದಲ್ಲಿ ಯಾರಿದ್ದಾರೆಂದು ಮೊದಲೇ ಕೇಳಿ ತಿಳಿದುಕೊಂಡರೆ ಮುಂದಿನ ಅರ್ಧ ಸಂಕಟ ತಪ್ಪುತ್ತದೆ.