ಎಂಟು ಲಕ್ಷದ ಆಚೆ, ಈಚೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ದಿಬ್ಬದ ಮೇಲೆ ಕೆಂಪು ಇಟ್ಟಿಗೆಯ ಉದ್ದನೆಯ ಕಟ್ಟಡವೊಂದಿದೆ. 1794ರಿಂದ 1968ರವರೆಗೆ ಸೈನ್ಯಕ್ಕೆ ಕೋವಿ ತಯಾರಿಸಿದ ಸರ್ಕಾರಿ ಕಾರ್ಖಾನೆಯ ಶಸ್ತ್ರಾಗಾರ ಅದು, ಈಗ ವಸ್ತುಸಂಗ್ರಹಾಲಯ. ಒಳಹೊಕ್ಕವರ ಕಣ್ಣು ಮೊದಲು ಹೋಗುವುದು ಕೋವಿಗಳನ್ನು ಸಾಲುಸಾಲಾಗಿ ನಿಲ್ಲಿಸಿದ ಎತ್ತರದ ಚೌಕಟ್ಟಿನತ್ತ. 1843ರಲ್ಲಿ ಮಧುಚಂದ್ರಕ್ಕೆ ಹೊರಟಿದ್ದ ಕವಿ ಲಾಂಗ್‌ಫೆಲೊ ಈ ಕಾರ್ಖಾನೆಯಲ್ಲಿ ಅಂಥ ಸಾಲುಗಳನ್ನು ಕಂಡೇ ಪದ್ಯ ಬರೆದ. ನಾನು ಹುಡುಕಿಕೊಂಡು ಹೋದದ್ದು 1903ರ ಮಾದರಿಯ ರೈಫಲ್ಲನ್ನು.

ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರೆ, ನಳಿಗೆ ಬಂದು ಕೂಡುವಲ್ಲಿ ಕಾರ್ಖಾನೆಯ ಹೆಸರು, ಮಾದರಿ, ಕೆಳಗೆ ಕ್ರಮಸಂಖ್ಯೆ ಕಾಣುತ್ತವೆ. ಈ ಉಕ್ಕಿನ ಗೂಡೇ ರಿಸೀವರ್. ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ಇದರೊಳಗೆ ಸರಿದು ಬೀಗ ಹಾಕಿಕೊಳ್ಳುತ್ತದೆ. ಗುಂಡು ಸಿಡಿದಾಗ ಏಳುವ, ಚದರ ಅಂಗುಲಕ್ಕೆ ಸುಮಾರು 50,000 ಪೌಂಡ್ ಒತ್ತಡಕ್ಕೂ ಸೈನಿಕನ ಕೆನ್ನೆಗೂ ನಡುವೆ ಇರುವುದು ಇವೆರಡೇ. ಹಾಗಾಗಿ ಹೊರಮೈ ಸವೆಯದಷ್ಟು ಗಟ್ಟಿಯಿರಬೇಕು, ಒಡಲು ಏಟು ತಾಳುವಷ್ಟು ಮೆದುವಿರಬೇಕು.

ಆಗ ಬಳಸಿದ್ದು 0.20ರಿಂದ 0.30 ಶೇಕಡ ಇಂಗಾಲದ ಸಾದಾ ಉಕ್ಕು. ಅದನ್ನು ಬಡಿದು ರೂಪ ಕೊಟ್ಟು, ಮೂಳೆಯ ಇದ್ದಿಲಲ್ಲಿ ಹುದುಗಿಸಿ, ಹೊರಮೈಗೆ ಇಂಗಾಲ ಇಳಿಯುವಂತೆ ಗಂಟೆಗಟ್ಟಲೆ ಕಾಯಿಸಿ, ಎಣ್ಣೆಯಲ್ಲಿ ಅದ್ದುತ್ತಿದ್ದರು. ಕಾವು ಎಷ್ಟೆಂದು ಹೇಳುತ್ತಿದ್ದದ್ದು ಪಳಗಿದ ಕೆಲಸಗಾರನ ಕಣ್ಣು. 1917ರಲ್ಲಿ ಕೆಲವು ರಿಸೀವರ್‌ಗಳು ಗಾಜಿನ ಹಾಗೆ ಚೂರಾದವು. ತನಿಖೆಯಲ್ಲಿ ಗೊತ್ತಾದದ್ದಿಷ್ಟು: ಮೋಡದ ದಿನ ಸರಿಯಾದ ಕೆಂಪು ಎಂದು ತೋರುವ ಉಕ್ಕು, ಬಿಸಿಲಿನ ಬೆಳಕಲ್ಲಿ ಅದೇ ಕೆಂಪಾಗಿ ಕಾಣಬೇಕಾದರೆ ಕೆಲವೊಮ್ಮೆ 150 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಹೆಚ್ಚು ಕಾದಿರುತ್ತಿತ್ತು. ಉಕ್ಕು ಸುಟ್ಟು ಪೆಡಸಾಗಿತ್ತು.

ಕುಲುಮೆಗೆ ಉಷ್ಣಮಾಪಕ ಬಂತು. 1918ರಲ್ಲಿ, ಸುಮಾರು 8 ಲಕ್ಷದ ಕ್ರಮಸಂಖ್ಯೆಯಿಂದ, ಅದೇ ಉಕ್ಕನ್ನು ಎರಡು ಸಲ ಕಾಯಿಸಿ ಅದ್ದಿ, ಕೊನೆಗೆ 177 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಗೊಳಿಸುವ ಕ್ರಮ ಶುರುವಾಯಿತು. 1927ರ ಹೊತ್ತಿಗೆ ನಿಕ್ಕಲ್ ಉಕ್ಕು ಬಂತು. ಇಲ್ಲಿಯ ರೈಫಲ್ಲಿನ ಸಂಖ್ಯೆ 8 ಲಕ್ಷಕ್ಕಿಂತ ಕಡಿಮೆಯಿದ್ದರೆ ಅದರಿಂದ ಗುಂಡು ಹಾರಿಸಬಾರದು ಎಂಬುದು ಹಳೆಯ ಕೋವಿ ಸಂಗ್ರಹಿಸುವವರ ನಡುವೆ ಇಂದಿಗೂ ಚಾಲ್ತಿಯಲ್ಲಿರುವ ಎಚ್ಚರಿಕೆ.

ಪಕ್ಕದ ಸಾಲುಗಳಲ್ಲಿ ಮುಂದಿನ ಕಥೆಯಿದೆ. ಎಂ14 ರೈಫಲ್ಲಿನ ರಿಸೀವರ್‌ಗೆ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ 8620 ಉಕ್ಕು. ಇದಕ್ಕೂ ಹೊರಮೈಗೆ ಇಂಗಾಲ ಊಡಿಸಲೇಬೇಕು. ಇಂದಿನ ಬೇಟೆ ರೈಫಲ್‌ಗಳಲ್ಲಿ ಹೆಚ್ಚು ಕಾಣುವ 4140 ಉಕ್ಕಿನಲ್ಲಿ ಇಂಗಾಲವೇ ಸುಮಾರು 0.40 ಶೇಕಡ, ಒಳಗೂ ಹೊರಗೂ ಒಂದೇ ಹದ. ಎಆರ್15 ರೈಫಲ್ಲಿನಲ್ಲಿ ಬೋಲ್ಟ್ ಬೀಗ ಹಾಕಿಕೊಳ್ಳುವುದು ನಳಿಗೆಗೆ ಜೋಡಿಸಿದ ಉಕ್ಕಿನ ತುಂಡಿಗೆ. ಆದ್ದರಿಂದ ರಿಸೀವರ್‌ಗೆ ಅಲ್ಯೂಮಿನಿಯಂ ಸಾಕು. ಉಕ್ಕು ಯಾವುದೇ ಇರಲಿ, ಕುಲುಮೆಯಲ್ಲಿ ಹದ ತಪ್ಪಿದರೆ ಹೆಸರು ಕಾಯುವುದಿಲ್ಲ.

ಬಾಸ್ಟನ್‌ನಿಂದ ಇಲ್ಲಿಗೆ ಸುಮಾರು 145 ಕಿ.ಮೀ., ಹಾರ್ಟ್‌ಫರ್ಡ್‌ನಿಂದ 40. ನೋಡಿಕೊಳ್ಳುವುದು ರಾಷ್ಟ್ರೀಯ ಉದ್ಯಾನಗಳ ಇಲಾಖೆ, ಪ್ರವೇಶ ಉಚಿತ. ತೆರೆದಿರುವ ದಿನಗಳನ್ನು ವಿಚಾರಿಸಿಕೊಂಡು ಹೊರಡಿ.