ಪುಟದ ನಾಯಿ, ಬೀದಿಯ ನಾಯಿ

ಬೆಂಗಳೂರಿನ ವಿಜಯನಗರದ ಒಂದು ಮನೆ, ಎರಡನೇ ಮಹಡಿಯ ಬಾಲ್ಕನಿ. ಚಾಪೆಯ ಮೇಲೆ ಅಜ್ಜಿ, ಅವರ ತೊಡೆಯ ಮೇಲೆ ಒಂದೂವರೆ ವರ್ಷದ ಮೊಮ್ಮಗಳು, ಅವಳ ಮುಂದೆ ದಪ್ಪ ರಟ್ಟಿನ ಚಿತ್ರಪುಸ್ತಕ. ಪುಟದಲ್ಲಿ ಜೋಲುಕಿವಿಯ, ಹೊಂಬಣ್ಣದ ನಾಯಿ.

"ಇದು ಯಾರು ಪುಟ್ಟಿ?"

"ಬೌಬೌ."

ಪುಟ ತಿರುಗಿತು. ಹಸು.

"ಬೌಬೌ."

"ಅಲ್ಲ ಕಣೇ, ಅಂಬಾ!" ಅಜ್ಜಿ ನಕ್ಕರು. ಅಷ್ಟರಲ್ಲಿ ಕೆಳಗೆ ಕಾರಿನಡಿ ಮಲಗಿದ್ದ ಬೀದಿನಾಯಿ ಕರಿಯ ಎದ್ದು, ಮೈಮುರಿದು, ಯಾರನ್ನೋ ನೋಡಿ ಬೊಗಳಿದ. ಮಗು ಕೆಳಗೆ ನೋಡಿತು, ಪುಸ್ತಕ ನೋಡಿತು, ಮತ್ತೆ ಕೆಳಗೆ ನೋಡಿತು. ಏನೂ ಹೇಳಲಿಲ್ಲ.

ಆ ನೋಟ ಮೇಲೆ ಕೆಳಗೆ ಓಡಾಡಿತಲ್ಲ, ಅದೇ ಈ ಅಧ್ಯಾಯದ ವಿಷಯ.

ಮೊದಲು ಎರಡು ಮಾತು

ಚಿತ್ರಪುಸ್ತಕ ಬೇರೆ, ಚಿತ್ರಗಳಿರುವ ಪುಸ್ತಕ ಬೇರೆ. ಎರಡನೆಯದರಲ್ಲಿ ಚಿತ್ರ ತೆಗೆದರೂ ಕಥೆ ನಿಲ್ಲುತ್ತದೆ. ಮೊದಲನೆಯದರಲ್ಲಿ ನಿಲ್ಲುವುದಿಲ್ಲ, ಅರ್ಧ ಕಥೆಯನ್ನು ಚಿತ್ರವೇ ಹೇಳುತ್ತಿರುತ್ತದೆ. ಇನ್ನು ಸಾಕುಪ್ರಾಣಿ. ಕನ್ನಡದ ಈ ಮಾತಿಗೆ ಹಸು, ಕುರಿ, ಕೋಳಿ ಎಲ್ಲವೂ ಸೇರುತ್ತವೆ. ಇಲ್ಲಿ ನಾನು ಮುಖ್ಯವಾಗಿ ನಾಯಿ, ಬೆಕ್ಕುಗಳ ಮಾತಾಡುತ್ತೇನೆ. ಯಾವ ಮನೆಗೂ ಸೇರದೆ ನಾಲ್ಕು ಮನೆಯ ಅನ್ನ ತಿನ್ನುವ ಬೀದಿನಾಯಿಯೂ ಇದರಲ್ಲಿ ಬರುತ್ತದೆ, ಏಕೆಂದರೆ ಬೆಂಗಳೂರಿನ ಬಹುಪಾಲು ಮಕ್ಕಳು ಕಾಣುವ ಮೊದಲ ಪ್ರಾಣಿ ಅದೇ.

ಮಕ್ಕಳಿಗೆ ಪ್ರಾಣಿಗಳ ಚಿತ್ರ ತೋರಿಸಿ ಕಲಿಸುವುದು ಹಳೆಯ ಉಪಾಯ. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಕೊಮೆನಿಯಸ್‌ನ 'ಓರ್ಬಿಸ್ ಪಿಕ್ಟಸ್' ಪುಸ್ತಕ ಅಕ್ಷರಮಾಲೆಯನ್ನೇ ಪ್ರಾಣಿಗಳ ಕೂಗಿನಿಂದ ಕಲಿಸುತ್ತದೆ. ಅದರಲ್ಲಿ ಬೆಕ್ಕು 'ನೌ ನೌ' ಎನ್ನುತ್ತದೆ! ನಮ್ಮ ಬೆಕ್ಕಿನ 'ಮಿಯಾಂವ್' ಕೇಳಿದವರಿಗೆ ಇದು ತಮಾಷೆ. ಆದರೆ 'ನ' ಅಕ್ಷರ ಕಲಿಸಲು ಹೊರಟ ಮೇಷ್ಟರಿಗೆ ಬೆಕ್ಕು ಅಷ್ಟು ಸಹಾಯವನ್ನಾದರೂ ಮಾಡಬೇಡವೆ?

ಚಿತ್ರವನ್ನು ಎತ್ತಿಕೊಳ್ಳುವ ಕೈ

ಚಿತ್ರ ಅರ್ಥವಾಗುವುದಕ್ಕೆ ಏನೂ ಕಲಿಯಬೇಕಿಲ್ಲ, ಕಣ್ಣಿದ್ದರೆ ಸಾಕು ಎಂದು ದೊಡ್ಡವರು ಭಾವಿಸುತ್ತಾರೆ. ಒಂಬತ್ತು ತಿಂಗಳ ಮಗುವಿನ ಮುಂದೆ ಒಂದು ಒಳ್ಳೆಯ ಫೋಟೋ ಇಟ್ಟು ನೋಡಿ. ಅದು ಚಿತ್ರವನ್ನು ಕೆರೆಯುತ್ತದೆ, ತಟ್ಟುತ್ತದೆ, ಬೆರಳು ಮಡಿಸಿ ಎತ್ತಿಕೊಳ್ಳಲು ನೋಡುತ್ತದೆ. ಜೂಡಿ ಡಿಲೋಶ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಅಮೆರಿಕದ ಮಕ್ಕಳಲ್ಲೂ ಪಶ್ಚಿಮ ಆಫ್ರಿಕಾದ ಹಳ್ಳಿಯ ಮಕ್ಕಳಲ್ಲೂ ಕಂಡು ಬರೆದರು. ಹತ್ತೊಂಬತ್ತು ತಿಂಗಳ ಹೊತ್ತಿಗೆ ಆ ಕೈ ಬದಲಾಗಿರುತ್ತದೆ: ಹಿಡಿಯಲು ಹೋಗುವುದಿಲ್ಲ, ತೋರುಬೆರಳು ಚಾಚುತ್ತದೆ. ಇದು ವಸ್ತುವಲ್ಲ, ವಸ್ತುವಿನ ಗುರುತು ಎಂದು ಮಗುವಿಗೆ ಹೊಳೆದಿರುತ್ತದೆ. ಅಕ್ಷರ, ಅಂಕಿ, ನಕಾಶೆ ಎಲ್ಲಕ್ಕೂ ತಳಪಾಯ ಇದು. ಇದಕ್ಕಾಗಿಯೇ ಪುಸ್ತಕ ಹರಿಯಿತೆಂದು ಎಂಟು ತಿಂಗಳ ಕೂಸನ್ನು ಗದರಬೇಡಿ ಎಂದು ನಾನು ಹೋದಲ್ಲೆಲ್ಲ ಹೇಳುವುದು. ಅದು ಪಾಠದ ನಡುವೆ ಇದೆ.

ಮುಂದಿನ ಹೆಜ್ಜೆ ಪುಟದ ನಾಯಿಗೂ ಬೀದಿಯ ನಾಯಿಗೂ ನಂಟು ಕಟ್ಟುವುದು. ಹದಿನೈದು, ಹದಿನೆಂಟು ತಿಂಗಳ ಮಕ್ಕಳು ಪುಸ್ತಕದಲ್ಲಿ ಕಲಿತ ಹೊಸ ಹೆಸರನ್ನು ನಿಜವಾದ ವಸ್ತುವಿಗೆ ಹೊಂದಿಸುವುದು ಕಾರ್ಟೂನಿಗಿಂತ ಫೋಟೋದಂಥ ಚಿತ್ರವಿದ್ದಾಗ ಸುಲಭ ಎಂದು ಡಿಲೋಶ್ ಅವರ ಜೊತೆ ಕೆಲಸ ಮಾಡಿದ ಪೆಟ್ರೀಷಿಯಾ ಗನೇಯಾ 2008ರಲ್ಲಿ ತೋರಿಸಿದರು. ನಮ್ಮ ಪುಟ್ಟಿ ಮಾತಿಲ್ಲದೆ ಕೆಳಗೆ ಮೇಲೆ ನೋಡಿದ್ದು ಏಕೆಂದು ಈಗ ಊಹಿಸಬಹುದು. ಪುಸ್ತಕದ ನಾಯಿ ಹೊಂಬಣ್ಣದ್ದು, ಜೋಲುಕಿವಿಯದು. ಕರಿಯನಿಗೋ ನಿಗುರಿದ ಕಿವಿ, ಸುರುಳಿ ಬಾಲ.

ಬೌಬೌ ಮತ್ತು ಹಸುಮರಿ

ಹಸುವನ್ನು 'ಬೌಬೌ' ಎಂದದ್ದು ದಡ್ಡತನವಲ್ಲ. ನಾಲ್ಕು ಕಾಲು, ಬಾಲ, ಮೈಮೇಲೆ ಕೂದಲು: ಮಗು ಒಂದು ಗುಂಪು ಮಾಡಿದೆ, ಕೈಲಿದ್ದ ಒಂದೇ ಹೆಸರನ್ನು ಎಲ್ಲಕ್ಕೂ ಹಚ್ಚಿದೆ. ಹೆಸರು ಹೆಚ್ಚಿದಂತೆ ಗುಂಪು ತಾನಾಗಿ ಒಡೆಯುತ್ತದೆ. ಮೂರು ವರ್ಷಕ್ಕೆ ಇನ್ನೊಂದು ಚೆಂದದ ತಪ್ಪು ಬರುತ್ತದೆ. ನಾಯಿಮರಿ, ಬೆಕ್ಕಿನ ಮರಿ, ಕೋಳಿಮರಿ ಎಂದು ಕೇಳಿದ ಮಗು ಒಂದು ದಿನ ಕರುವನ್ನು ತೋರಿಸಿ 'ಹಸುಮರಿ' ಎನ್ನುತ್ತದೆ. ಯಾರೂ ಹೇಳಿಕೊಡದ ಪದ! ನಿಯಮವನ್ನು ತಾನೇ ಕಂಡುಕೊಂಡಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಗಬೇಡಿ, ತಿದ್ದಲೂ ಬೇಡಿ. "ಹೌದು, ಹಸುವಿನ ಕರು" ಎಂದು ಮುಂದೆ ಸಾಗಿ, ಅಷ್ಟು ಸಾಕು.

ಬಂತೋ, ಬಂದನೋ?

ಈಗ ನನ್ನ ಮೆಚ್ಚಿನ ವಿಷಯ. ಮೊದಲಲ್ಲಿ 'ಕರಿಯ ಬೊಗಳಿದ' ಎಂದು ಬರೆದೆ, ಗಮನಿಸಿದಿರಾ? ವ್ಯಾಕರಣದ ಪ್ರಕಾರ ನಾಯಿ ಬೊಗಳಿತು. ಕನ್ನಡದಲ್ಲಿ ಪ್ರಾಣಿಗಳೆಲ್ಲ ನಪುಂಸಕಲಿಂಗ. ಆದರೆ ಹೆಸರಿಟ್ಟು ಅನ್ನ ಹಾಕಿದ ಮೇಲೆ ಅದೇ ನಾಯಿ ಬಂದ, ಹೋದ, ಉಂಡ ಆಗುತ್ತದೆ. ಕನ್ನಡದಲ್ಲಿ ಕಥೆ ಹೇಳುವವರು ಪ್ರತಿ ವಾಕ್ಯದ ಕೊನೆಯಲ್ಲೂ ಇದನ್ನು ತೀರ್ಮಾನಿಸಲೇಬೇಕು. 'ಬಂತು' ಎಂದರೆ ಪ್ರಾಣಿ ಹೊರಗೆ ನಿಲ್ಲುತ್ತದೆ, 'ಬಂದ' ಎಂದರೆ ಮನೆಯವನಾಗುತ್ತದೆ.

ಇದು ಬರಿಯ ಮಾತಿನ ಚಂದವಲ್ಲ. ಗನೇಯಾ ಮತ್ತು ಸಂಗಡಿಗರು 2014ರಲ್ಲಿ ಪುಟ್ಟ ಮಕ್ಕಳಿಗೆ ಗಿನಿಹಂದಿಯ ಜಾತಿಯ ಪ್ರಾಣಿಯೂ ಸೇರಿ ಕೆಲವು ಅಪರಿಚಿತ ಪ್ರಾಣಿಗಳ ಪುಸ್ತಕ ಓದಿದರು. ಕೆಲವರಿಗೆ ಪ್ರಾಣಿಯ ಬಗ್ಗೆ ನಿಜಸಂಗತಿ ಮಾತ್ರ, ಕೆಲವರಿಗೆ ಪ್ರಾಣಿ ಮನುಷ್ಯರಂತೆ ಯೋಚಿಸಿ ಮಾತಾಡುವ ಕಥೆ. ಕಥೆ ಕೇಳಿದವರು ನಿಜವಾದ ಪ್ರಾಣಿಗೂ ಮನುಷ್ಯರ ಗುಣಗಳನ್ನು ಹೆಚ್ಚಾಗಿ ಅಂಟಿಸಿದರು. ಅಂದಮಾತ್ರಕ್ಕೆ 'ಬಂದ' ಬಿಟ್ಟು 'ಬಂತು' ಹಿಡಿಯಿರಿ ಎನ್ನುವುದಿಲ್ಲ. ಒಂದು ಜೀವ ನಮ್ಮಂತೆಯೇ ನೋಯುತ್ತದೆ ಎಂಬ ಅರಿವು ಮಗುವಿಗೆ ಬರುವುದು ಆ 'ಬಂದ'ದಿಂದಲೇ. ಎರಡನ್ನೂ ಬೆರೆಸಿ. "ಕರಿಯನಿಗೆ ಕೋಪ ಬಂದಿದೆ" ಎನ್ನಿ; ಮರುಕ್ಷಣವೇ "ನಾಯಿಗೆ ಕೋಪ ಬಂದಾಗ ಮೈ ಹೇಗೆ ಬಿಗಿಯುತ್ತೆ, ನೋಡು" ಎನ್ನಿ.

ನಗುವ ನಾಯಿಯ ಹಲ್ಲು

ಜನ ಎಡವುವ ಜಾಗ ಇದು. ಚಿತ್ರಪುಸ್ತಕಗಳಲ್ಲಿ ನಾಯಿ ನಗುತ್ತಿರುತ್ತದೆ, ಹಲ್ಲು ಸಾಲಾಗಿ ಕಾಣುತ್ತಿರುತ್ತದೆ. ಮಗು ಕಲಿಯುವ ಪಾಠ ಸರಳ: ಹಲ್ಲು ಕಂಡರೆ ಖುಷಿ. ಬೀದಿಯಲ್ಲಿ ಇದರ ಅರ್ಥ ತಿರುವುಮುರುವು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಕೆರ್ಸ್ಟಿನ್ ಮೈಂಟ್ಸ್ ಮತ್ತು ಸಂಗಡಿಗರು ಹಲ್ಲು ಕಿರಿದು ಗುರುಗುಟ್ಟುವ ನಾಯಿಗಳ ಮುಖವನ್ನು ಮಕ್ಕಳಿಗೆ ತೋರಿಸಿದಾಗ, ನಾಲ್ಕು ವರ್ಷದ ಎಷ್ಟೋ ಮಕ್ಕಳು 'ನಗ್ತಾ ಇದೆ' ಎಂದೇ ಹೇಳಿದರು. ನಗುವವನ ಹತ್ತಿರ ಮಗು ಹೋಗುತ್ತದೆ, ಮುಖ ಹತ್ತಿರ ತರುತ್ತದೆ. ಕಚ್ಚು ಮುಖಕ್ಕೆ ಬೀಳುತ್ತದೆ.

ಬಾಲದ್ದೂ ಇದೇ ಕಥೆ. ಬಾಲ ಆಡಿಸಿದರೆ ಪ್ರೀತಿ ಎಂದು ದೊಡ್ಡವರೂ ನಂಬಿದ್ದಾರೆ. ಮೈ ಸಡಿಲಾಗಿದ್ದು ಬಾಲ ಅಗಲವಾಗಿ ಬೀಸಿದರೆ ಸರಿ. ಮೈ ಬಿಗಿದು, ಬಾಲ ಮೇಲೆ ನಿಂತು ತುದಿ ಮಾತ್ರ ಅದುರಿದರೆ ಅದು ಎಚ್ಚರಿಕೆ. ಬೆಕ್ಕು ಬಾಲ ಪಟಪಟ ಬಡಿದರೆ ಸಿಟ್ಟು. ಕಿವಿ ಹಿಂದಕ್ಕೆ ಮಲಗುವುದು, ಕಣ್ಣಿನ ಬಿಳಿ ಕಾಣುವುದು, ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು: ಇವೆಲ್ಲ 'ದೂರ ಹೋಗು' ಎಂಬ ಮಾತುಗಳು.

ಇಷ್ಟು ಹೇಳುವುದಕ್ಕೆ ಕಾರಣವಿದೆ. 2023ರ ಪಾಲಿಕೆ ಗಣತಿಯ ಅಂದಾಜಿನಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಹುಚ್ಚು ಹಿಡಿದಿರಬಹುದಾದ ಪ್ರಾಣಿಯಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೈಗುಳಕ್ಕೆ ಹೆದರಿ ಮಕ್ಕಳು ಗಾಯ ಮುಚ್ಚಿಡುವುದುಂಟು. ಹಾಗಾಗಿ ನಾಯಿಯ ಪುಸ್ತಕ ಓದಿ ಮುಗಿಸಿದಾಗಲೆಲ್ಲ ಒಂದು ಮಾತು ಸೇರಿಸಿ: "ಪರಚಿದರೂ ಅಮ್ಮನಿಗೆ ಹೇಳು, ಬೈಯಲ್ಲ." ಹೇಳಿದರೆ ಬೈಯಲೂಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ.

ಓದುವುದು ಹೇಗೆ?

ಮಗು ಕೇಳಿಸಿಕೊಳ್ಳಬೇಕು, ದೊಡ್ಡವರು ಓದಬೇಕು ಎಂಬುದು ಹಳೆಯ ರೂಢಿ. ದೊಡ್ಡವರು ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ಒಂದೆರಡು ಪದ ಬೆಳೆಸಿ ಮರಳಿಸಿದರೆ ಮಾತು ಬೇಗ ಬಲಿಯುತ್ತದೆ ಎಂದು ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಕನ್ನಡಿಗರಿಗೆ ಇದು ಹೊಸದೇನಲ್ಲ. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯವನ್ನು ನೆನಪಿಸಿಕೊಳ್ಳಿ. ಪೂರ್ತಿ ಪ್ರಶ್ನೆ, ಉತ್ತರ. ಕೇಳುವವರು ಕೇಳುತ್ತಾರೆ, ಮರಿ ತನ್ನ ಲೆಕ್ಕಾಚಾರ ಒಪ್ಪಿಸುತ್ತದೆ. ಅದೇ ಧಾಟಿಯಲ್ಲಿ ಪುಸ್ತಕವನ್ನೂ ಓದಿ. "ಇದು ಏನ್ ಮಾಡ್ತಿದೆ?" "ಮೂಸ್ತಿದೆ." "ಹೌದು, ಚಪ್ಪಲಿ ಮೂಸ್ತಿದೆ. ಯಾಕೆ?" ಮೂಸು, ನೆಕ್ಕು, ಮುದುರಿಕೋ, ಊಳಿಡು, ಕುಂಯ್‌ಗುಟ್ಟು: ಎಷ್ಟು ಕ್ರಿಯಾಪದಗಳು ನೋಡಿ! ಒಂದು ನಾಯಿಯ ನೆಪದಲ್ಲಿ ಅರ್ಧ ನಿಘಂಟು ಕಲಿಸಬಹುದು.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಪರೀಕ್ಷೆಗೆ ಓದುವ ಅಣ್ಣ-ಅಕ್ಕಂದಿರು ಮಾತ್ರವೇ ಹೋಗಬೇಕೆಂದಿಲ್ಲ. ನಮ್ಮೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಬಿಟ್ಟಿಯಾಗಿ ಓದಬಹುದು, ಅಚ್ಚು ಹಾಕಿಕೊಳ್ಳಬಹುದು, ಬೇಕಾದರೆ ಹೊಸದನ್ನು ಬರೆದು ಸೇರಿಸಬಹುದು.

ಕಿವಿ ಕತ್ತರಿಸಿದ ನಾಯಿ

ಬಾಲ್ಕನಿಗೆ ಮರಳೋಣ. ಕರಿಯನ ಒಂದು ಕಿವಿಯ ತುದಿಯಲ್ಲಿ ಒಂದು ಕಚ್ಚಿದೆ. ಸಂತಾನಹರಣ ಚಿಕಿತ್ಸೆ ಆದ ಬೀದಿನಾಯಿಗೆ ಹಾಕುವ ಗುರುತು ಅದು. ಮಕ್ಕಳು ಇದನ್ನು ದೊಡ್ಡವರಿಗಿಂತ ಮೊದಲು ಕಾಣುತ್ತಾರೆ, "ಅದರ ಕಿವಿ ಯಾರು ಕಚ್ಚಿದ್ರು?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳುವ ಕನ್ನಡ ಚಿತ್ರಪುಸ್ತಕ ಬೇಕು. ಕಾರಿನಡಿ ಮಲಗುವ, ಡೈರಿ ಅಂಗಡಿ ಮುಂದೆ ಕಾಯುವ, ಸುರುಳಿ ಬಾಲದ ನಾಯಿಯ ಪುಸ್ತಕ ಬೇಕು. ಸಿಟ್ಟು ಬಂದಾಗ ಸಿಟ್ಟಾಗಿಯೇ ಕಾಣುವ ನಾಯಿ ಅದರಲ್ಲಿರಬೇಕು.

ಅಭ್ಯಾಸ ಮಾಡುವವರೂ ಬೇಕು. ಕನ್ನಡದ ಮಗು 'ಬಂತು'ವಿನಿಂದ 'ಬಂದ'ಕ್ಕೆ ಯಾವಾಗ ದಾಟುತ್ತದೆ? 'ಹಸುಮರಿ' ಎಷ್ಟನೇ ತಿಂಗಳಲ್ಲಿ ಹುಟ್ಟಿ ಎಷ್ಟನೆಯದರಲ್ಲಿ ಮರೆಯಾಗುತ್ತದೆ? ಜ್ಞಾನಭಾರತಿಯ ಭಾಷಾ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವಲ್ಲ, ಕೆಂಗೇರಿಯ ಯಾವುದೇ ಅಂಗನವಾಡಿಯ ಬಾಗಿಲಲ್ಲಿ ಸಿಗುತ್ತದೆ. ಅದಕ್ಕೆ ಮುಂಚೆ ಮನೆಯವರು ಮಾಡಬಹುದಾದದ್ದು ಒಂದಿದೆ. ಇಂದೇ ಒಂದು ನೋಟ್‌ಬುಕ್ ತೆಗೆದು ತಾರೀಖು ಹಾಕಿ, ನಿಮ್ಮ ಮಗು ನಾಯಿ ಬೆಕ್ಕುಗಳ ಬಗ್ಗೆ ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಡಿ. ತಿದ್ದದೆ.